ಒಬ್ಬ ರೋಗಿಗೆ ಒಂದು ಬ್ಯಾಚ್

(ಮಂಡಳದ ವಾರ್ಷಿಕೋತ್ಸವದ ಸಂಜೆ ಮಾಡಿದ ಭಾಷಣ)

 

ಅಧ್ಯಕ್ಷರು ನನಗೆ ‘ಯುವಕರು ಮತ್ತು ಶಿಕ್ಷಣ’ ಅಂತ ವಿಷಯ ಕೊಟ್ಟಿದ್ದರು. ಹೋದ ವರ್ಷ ಮಾತಾಡಿದವರೂ ಅದನ್ನೇ ಮಾತಾಡಿದ್ದರು, ಅದರ ಹಿಂದಿನ ವರ್ಷದವರೂ ಅದನ್ನೇ. ನಾನು ಬ್ಯಾರೆ ಮಾತಾಡ್ತೀನಿ ಅಂದೆ. ‘ನೀನು ಬಿ.ಎ. ಓದುವಾಕಿ, ರಕ್ತದ ಕ್ಯಾನ್ಸರಿನ ವಿಜ್ಞಾನ ನಿನಗ್ಯಾಕ ಬೇಕವ್ವಾ’ ಅಂತ ಅವರು ಕೇಳಿದರು. ಯಾಕ ಬೇಕು ಅನ್ನೋದನ್ನೇ ಮೊದಲು ಹೇಳ್ತೀನಿ.

ನಮ್ಮ ದೊಡ್ಡಪ್ಪ ನಿಮಗೆಲ್ಲ ಗೊತ್ತು. ಹೆಸರು ಹೇಳೂದಿಲ್ಲ, ದೊಡ್ಡವ್ವ ಇಲ್ಲೇ ಕುಂತಾಳ. ಇದೇ ಎಂಐಡಿಸಿಯಾಗ ಹದಿನೆಂಟು ವರ್ಷ ದುಡಿದವ. ಕುತ್ತಿಗಿ ಬಾಜೂಕ ಒಂದು ಗಂಟು ಬಂತು. ನೋವಿಲ್ಲ, ಏನಿಲ್ಲ. ಸಂಜಿಮುಂದ ಜ್ವರ, ರಾತ್ರಿ ಅಂಗಿ ತೋಯುವಷ್ಟು ಬೆವರು, ಮೈಯೆಲ್ಲ ಇಳಿದು ಹೋತು. ಒಂದು ಖಾಸಗಿ ದವಾಖಾನಿಯವರು ಗಂಟಿನ ತುಣುಕು ತೆಗೆದು ನೋಡದನ ಟಿಬಿ ಅಂದರು. ಟಿಬಿ ಗುಳಿಗಿ ಶುರು ಆತು. ಏಳು ತಿಂಗಳು ನುಂಗಿದ. ಗಂಟು ನಿಂಬಿಹಣ್ಣಿನಷ್ಟು ಇದ್ದದ್ದು ಬದನೆಕಾಯಿ ಆತು. ಕಡೀಕ ಇನ್ನೊಬ್ಬ ಡಾಕ್ಟರು ಗಂಟಿನ ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸಿದಾಗ ಗೊತ್ತಾಗಿದ್ದು ಲಿಂಫೋಮಾ, ಅಂದರ ಬಿಳಿ ರಕ್ತಕಣದ ಕ್ಯಾನ್ಸರ್. ಟಿಬಿಯೂ ಹಿಂಗೇ ಗಂಟಾಗಿ ಬರ್ತದ, ಇದೂ ಹಿಂಗೇ ಬರ್ತದ. ಹೊರಗಿಂದ ಕೈಯಿಂದ ಒತ್ತಿ ಇದು ಅದು ಅಂತ ಯಾರಿಗೂ ಹೇಳಾಕ ಆಗೂದಿಲ್ಲ. ತುಣುಕು ತೆಗೆದು ಸೂಕ್ಷ್ಮದರ್ಶಕದ ಕೆಳಗ ಇಟ್ಟೇ ನೋಡಬೇಕು.

ಆಮೇಲೆ ಸಿದ್ಧೇಶ್ವರ ಎಕ್ಸ್‌ಪ್ರೆಸ್. ಸೋಲಾಪುರದವರಿಗೆ ಅದು ಮುಂಬೈ ಗಾಡಿ, ಆದರ ರಾತ್ರಿ ಜನರಲ್ ಡಬ್ಬ್ಯಾಗ ಕುಂತು ನೋಡ್ರಿ, ಕೈಯಾಗ ಎಕ್ಸ್‌ರೇ ಲಕೋಟಿ ಹಿಡಕೊಂಡವರು ಎಷ್ಟು ಮಂದಿ ದಾದರಕ್ಕ ಇಳೀತಾರ ಅಂತ. ಆರು ಸಲ ಕೀಮೋ ಆತು. ವರ್ಷ ತುಂಬುದರಾಗ ರೋಗ ತಿರುಗಿ ಬಂತು. 2023ರ ದೀಪಾವಳಿ ಆದ ಮ್ಯಾಲ ಮುಂಬೈದಾಗ ಒಬ್ಬ ಡಾಕ್ಟರು, ಬಹಳ ಛಲೋ ಮನುಷ್ಯ, ಕುಂಡ್ರಿಸಿಕೊಂಡು ಹೇಳಿದರು: ಇನ್ನು ಕೀಮೋದಿಂದ ಆಗೂದಿಲ್ಲ, ಆದರ ಈಗ ಹೊಸದೊಂದು ಬಂದೈತಿ, ನಿಮ್ಮದೇ ರಕ್ತದ ಕಣ ತೆಗೆದು, ತಯಾರು ಮಾಡಿ, ತಿರುಗಿ ನಿಮಗೇ ಕೊಡೂದು. ದೊಡ್ಡಪ್ಪ ‘ಎಷ್ಟಾಗ್ತದ ಸಾಹೇಬ್ರ’ ಅಂದ. ಅವರು ಹೇಳಿದ ಆಕಡ ಕೇಳಿ ದೊಡ್ಡಪ್ಪ ನಕ್ಕುಬಿಟ್ಟ. ನಾನು ಬಾಜೂಕ ನಿಂತಿದ್ದೆ. ಆ ನಗುವಿನ ಸಲುವಾಗೇ ನಾನು ಇದನ್ನ ಓದಿದ್ದು. 2024ರ ಫೆಬ್ರವರಿಯೊಳಗ ಅವ ತೀರಿಕೊಂಡ.

ಈಗ ವಿಷಯಕ್ಕೆ ಬರ್ತೀನಿ.

ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ಅದರಲ್ಲಿ ಟಿ ಕಣ ಅಂತ ಒಂದು ಜಾತಿ. (ಕ್ಷಮಿಸಿ, ಒಂದು ಬಗೆ. ಈ ವೇದಿಕೆ ಮ್ಯಾಲ ನಿಂತು ಆ ಶಬ್ದ ಬಾಯಾಗ ಬರಬಾರದಿತ್ತು.) ಟಿ ಕಣ ಅಂದರ ಕಂಪನಿ ಗೇಟಿನ ವಾಚಮನ್ ಇದ್ದಂಗ. ಮೈಯಾಗ ಅಡ್ಡಾಡಿಕೋತ ಎಲ್ಲ ಕಣಗಳ ಗೇಟ್‌ಪಾಸ್ ತಪಾಸಣಿ ಮಾಡತದ. ವೈರಸ್ ಹೊಕ್ಕ ಕಣ ಸಿಕ್ಕರ ಅಲ್ಲೇ ಮುಗಿಸತದ. ಆದರ ಕ್ಯಾನ್ಸರಿನ ಕಣ ಹೊರಗಿನದಲ್ಲ. ಅದು ನಮ್ಮದೇ ಕಂಪನಿಯ ಮನುಷ್ಯ, ಕೊರಳಾಗ ನಮ್ಮದೇ ಗುರುತಿನ ಚೀಟಿ. ವಾಚಮನ್‌ಗೆ ಸಲಾಮ ಹೊಡೆದು ಒಳಗ ಹೋಗತದ. ಕೆಲವು ಕ್ಯಾನ್ಸರ್ ಕಣಗಳು ಗುರುತಿನ ಚೀಟಿಯನ್ನೇ ಅಂಗಿಯೊಳಗ ಮುಚ್ಚಿಕೊಂಡು ಹೋಗತಾವ.

ವಿಜ್ಞಾನಿಗಳು ಮಾಡಿದ್ದೇನು? ವಾಚಮನ್‌ಗೆ ಹೊಸ ಕಣ್ಣು ಕೊಟ್ಟರು. ದೊಡ್ಡಪ್ಪನಿಗೆ ಬಂದಂಥ ಲಿಂಫೋಮಾ, ಮಕ್ಕಳಿಗೆ ಹೆಚ್ಚು ಬರುವ ಲ್ಯುಕೇಮಿಯಾ, ಇವು ಬಹಳ ಸಲ ಹುಟ್ಟುವುದು ಬಿ ಕಣ ಎಂಬ ಇನ್ನೊಂದು ಬಗೆಯ ಬಿಳಿ ಕಣದಲ್ಲಿ. ಬಿ ಕಣದ ಮೈಮೇಲೆ ಸಿಡಿ19 ಎಂಬ ಒಂದು ಗುರುತು ಇರುತ್ತದೆ. ಈ ಗುರುತನ್ನು ನೇರವಾಗಿ ಹಿಡಿಯುವ ಒಂದು ಕೊಂಡಿಯನ್ನು ಟಿ ಕಣದ ಮೇಲೆ ಮೂಡಿಸಿದರೆ, ಅದು ಚೀಟಿ ಗೀಟಿ ಕೇಳೂದಿಲ್ಲ, ಸಿಡಿ19 ಕಂಡಲ್ಲಿ ಹೊಡೆಯುತ್ತದೆ. ಆ ಕೊಂಡಿಯ ಹೆಸರು ಕೈಮೆರಿಕ್ ಆಂಟಿಜನ್ ರಿಸೆಪ್ಟರ್. ಇಂಗ್ಲಿಷಿನ ಮೊದಲ ಅಕ್ಷರ ಕೂಡಿಸಿದರ ‘ಕಾರ್’. ಅದಕ್ಕೇ ಈ ಚಿಕಿತ್ಸೆಗೆ ಕಾರ್-ಟಿ ಅಂತಾರ. ನನ್ನ ತಮ್ಮ ಇದು ಟಾಟಾದವರ ಹೊಸ ಗಾಡಿ ಅಂತ ತಿಳಕೊಂಡಿದ್ದ.

ಇಂಥ ಕೊಂಡಿಯನ್ನು ಮೊದಮೊದಲು ಮಾಡಿ ತೋರಿಸಿದವರೊಳಗ ಇದ್ದವರು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಝೆಲಿಗ್ ಎಶ್ಹಾರ್ ಮತ್ತು ಅವರ ಜೊತೆಗಾರರು, 1989ರಲ್ಲಿ. ಅಲ್ಲಿಂದ ಮನುಷ್ಯನಿಗೆ ಕೆಲಸಕ್ಕೆ ಬರಾಕ ಇಪ್ಪತ್ತು ವರ್ಷದ ಮೇಲೆ ಹಿಡೀತು. 2012ರಲ್ಲಿ ಅಮೆರಿಕಾದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಹುಡುಗಿಗೆ ಕೊಟ್ಟರು. ಎರಡು ಸಲ ರೋಗ ಮರುಕಳಿಸಿದ ಮಗು. ಹೊಸ ಕಣಗಳು ಒಳಗ ಹೋಗಿ ಯುದ್ಧ ಶುರು ಮಾಡಿದಾಗ ಆಕೆಗೆ ಭಯಂಕರ ಜ್ವರ ಬಂತು, ವೆಂಟಿಲೇಟರ್ ಹಚ್ಚಿದರು, ಉಳಿಯೂದಿಲ್ಲ ಅಂದರು. ಆ ಚಿಕಿತ್ಸೆ ರೂಪಿಸಿದ ಕಾರ್ಲ್ ಜೂನ್ ಎಂಬ ವಿಜ್ಞಾನಿಯ ಮಗಳಿಗೆ ಸಂಧಿವಾತ ಇತ್ತು. ಆ ರೋಗದ ಟೊಸಿಲಿಜುಮ್ಯಾಬ್ ಎಂಬ ಔಷಧ ಅವರಿಗೆ ಗೊತ್ತಿತ್ತು. ಎಮಿಲಿಯ ರಕ್ತದಲ್ಲಿ ಯಾವ ವಸ್ತು ಉಕ್ಕಿತ್ತೋ ಅದನ್ನೇ ಆ ಔಷಧ ತಡೆಯುತ್ತಿತ್ತು. ಕೊಟ್ಟರು, ಮಗು ಎದ್ದು ಕುಂತಿತು. ಈಗ ಆಕೆ ದೊಡ್ಡವಳಾಗಿದ್ದಾಳೆ, ಕ್ಯಾನ್ಸರ್ ತಿರುಗಿ ಬಂದಿಲ್ಲ. 2017ರ ಆಗಸ್ಟಿನಲ್ಲಿ ಅಮೆರಿಕಾ ಸರಕಾರ ಆ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಬೆಲೆ 4 ಲಕ್ಷ 75 ಸಾವಿರ ಡಾಲರ್. ಅಂದಿನ ಲೆಕ್ಕದಲ್ಲಿ ನಮ್ಮ ಮೂರು ಕೋಟಿ ರೂಪಾಯಿ.

ಇಷ್ಟು ಬೆಲೆ ಯಾಕ? ಇದನ್ನ ಕಾಲೇಜಿನಾಗ ನನ್ನ ಗೆಳತ್ಯಾರಿಗೆ ತಿಳಿಸಾಕ ಹೋಗಿ ಸೋತೆ. ಆದರ ಚಿಂಚೋಳಿ ಎಂಐಡಿಸಿಯ ಮಂದಿಗೆ ತಿಳಿಸೂದು ಸುಲಭ. ಬ್ಯಾಚ್ ಅಂದರ ಏನು ಅಂತ ನಿಮಗೆ ಗೊತ್ತು. ಒಂದು ರಿಯಾಕ್ಟರ್ ತುಂಬ್ತೀರಿ, ಬ್ಯಾಚ್ ನಂಬರ್ ಬೀಳ್ತದ, ಸ್ಯಾಂಪಲ್ ಲ್ಯಾಬಿಗೆ ಹೋಗ್ತದ, ಪಾಸಾದರ ಅದರಿಂದ ಲಕ್ಷಗಟ್ಟಲೆ ಗುಳಿಗಿ. ಲ್ಯಾಬಿನ ಖರ್ಚು ಲಕ್ಷ ಗುಳಿಗಿಗೆ ಹಂಚಿ ಹೋಗ್ತದ, ಒಂದು ಗುಳಿಗಿಗೆ ಪೈಸೆ ಲೆಕ್ಕ. ಕಾರ್-ಟಿಯಲ್ಲಿ ಒಬ್ಬ ರೋಗಿ ಅಂದರ ಒಂದು ಬ್ಯಾಚ್. ರೋಗಿಯ ತೋಳಿನಿಂದ ರಕ್ತ ತೆಗೆದು ಯಂತ್ರದೊಳಗ ಬಿಳಿ ಕಣ ಬ್ಯಾರೆ ಮಾಡಿ ಉಳಿದ ರಕ್ತ ತಿರುಗಿ ಮೈಗೇ ಬಿಡ್ತಾರ. ಆ ಕಣಗಳಿಗೆ ಹೊಸ ಜೀನು ಸೇರಿಸ್ತಾರ. ಧೂಳಿನ ಕಣವೂ ಇಲ್ಲದ ಕೋಣೆಯೊಳಗ ಒಂದು ವಾರದ ಮ್ಯಾಲ ಬೆಳಸ್ತಾರ, ಕೋಟಿಗಟ್ಟಲೆ ಆಗುವ ತನಕ. ಆಮೇಲೆ ಎಲ್ಲ ಪರೀಕ್ಷೆ: ಬ್ಯಾಕ್ಟೀರಿಯಾ ಸೇರಿಲ್ಲ ಅಂತ, ಕಣ ಜೀವಂತ ಅದಾವ ಅಂತ, ಕೊಂಡಿ ಮೂಡೇದ ಅಂತ. ರಿಯಾಕ್ಟರಿನ ಬ್ಯಾಚಿಗೆ ಎಷ್ಟು ಪರೀಕ್ಷೆಯೋ ಅದಕ್ಕಿಂತ ಹೆಚ್ಚು, ಆದರ ಖರ್ಚು ಹಂಚಿಕೊಳ್ಳಾಕ ಇನ್ನೊಬ್ಬ ಇಲ್ಲ. ಒಬ್ಬನ ಕಣ ಇನ್ನೊಬ್ಬನಿಗೆ ಕೊಡಾಕ ಬರೂದಿಲ್ಲ. ಚೀಲದ ಮ್ಯಾಲ ಹೆಸರು ಅದಲು ಬದಲಾದರ ಜೀವಕ್ಕೇ ಅಪಾಯ. ಬ್ಯಾಚ್ ಫೇಲ್ ಆದರ ಕಾಯುವಷ್ಟು ಟೈಮ್ ಆ ರೋಗಿಗೆ ಬಹಳ ಸಲ ಇರೂದಿಲ್ಲ.

ಜೀನು ಸೇರಿಸುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಅದಕ್ಕೆ ಬಳಸುವುದು ಲೆಂಟಿವೈರಸ್. ಅದು ಎಚ್‌ಐವಿಯಿಂದ ಮಾಡಿದ್ದು. ಹೌದು, ಏಡ್ಸ್ ತರುವ ಅದೇ ವೈರಸ್. ಅದರ ಬೆಳೆಯುವ ಶಕ್ತಿ, ರೋಗ ತರುವ ಶಕ್ತಿ ಎಲ್ಲ ಕಿತ್ತುಹಾಕಿ, ಕಣದೊಳಗ ಹೊಕ್ಕು ಜೀನು ಕೂಡಿಸುವ ಒಂದು ಗುಣ ಮಾತ್ರ ಉಳಿಸಿಕೊಂಡಿದ್ದಾರೆ. ಯಾವ ರೋಗ ಬಂದವರ ಕೈಯಿಂದ ಜನ ನೀರು ಕುಡೀತಿರಲಿಲ್ಲವೋ, ಯಾರ ತಾಟು ಗ್ಲಾಸು ಬ್ಯಾರೆ ಇಡ್ತಿದ್ದರೋ, ಆ ವೈರಸ್ಸಿನ ಕೈಯಿಂದಲೇ ಇವತ್ತು ಜೀವ ಉಳಿಸಿಕೊಳ್ಳಾಕತ್ತಾರ. ಇದನ್ನ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನ ಕುಂತಿದ್ದೆ.

ಇನ್ನು ನಮ್ಮ ದೇಶದ ಮಾತು. ಮುಂಬೈ ಪವಯಿಯ ಐಐಟಿಯಲ್ಲಿ ರಾಹುಲ್ ಪುರ್ವಾರ್ ಎಂಬ ಪ್ರಾಧ್ಯಾಪಕರ ತಂಡ, ಟಾಟಾ ಮೆಮೋರಿಯಲ್ ಆಸ್ಪತ್ರೆಯ ಹಸಮುಖ ಜೈನ್, ಗೌರವ ನರೂಲಾ ಮುಂತಾದ ವೈದ್ಯರು ಕೂಡಿ ಇದನ್ನು ಇಲ್ಲೇ ಮಾಡಿದರು. ವೈರಸ್ ವಾಹಕವನ್ನೂ ಇಲ್ಲೇ ತಯಾರಿಸಿದರು. ಬೆಲೆ ಇಳಿಯಲು ಅದೂ ಒಂದು ಕಾರಣ. ಐಐಟಿಯಿಂದ ಹುಟ್ಟಿದ ಇಮ್ಯುನೊಆಕ್ಟ್ ಎಂಬ ಕಂಪನಿ ಅದನ್ನು ತಯಾರಿಸುತ್ತದೆ. ಔಷಧದ ಹೆಸರು ನೆಕ್ಸ್‌ಕಾರ್19. ನವಿ ಮುಂಬೈ ಖಾರಘರದಲ್ಲಿರುವ ಟಾಟಾದ ಸಂಶೋಧನಾ ಕೇಂದ್ರದಲ್ಲಿ 2021ರಲ್ಲಿ ಮೊದಲ ರೋಗಿಗೆ ಕೊಟ್ಟರು. 2023ರ ಅಕ್ಟೋಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು, 15 ವರ್ಷ ಮೇಲಿನವರಿಗೆ, ಬೇರೆ ಚಿಕಿತ್ಸೆ ಫಲಿಸದ ಬಿ ಕಣದ ಲಿಂಫೋಮಾ, ಲ್ಯುಕೇಮಿಯಾ ಇದ್ದವರಿಗೆ. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಐಐಟಿಗೆ ಬಂದು ಅದನ್ನು ದೇಶಕ್ಕೆ ಅರ್ಪಿಸಿದರು. ಆ ಸುದ್ದಿ ಟಿವಿಯಾಗ ಬಂದಾಗ ದೊಡ್ಡಪ್ಪ ಹೋಗಿ ಎರಡು ತಿಂಗಳು ಆಗಿತ್ತು. ದೊಡ್ಡವ್ವ ಟಿವಿ ಬಂದ್ ಮಾಡು ಅನ್ನಲಿಲ್ಲ. ಪೂರಾ ನೋಡಿದಳು.

ಕನ್ನಡ ನಾಡಿನಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಇಮ್ಯುನೀಲ್ ಎಂಬ ಕಂಪನಿಯನ್ನು 2019ರಲ್ಲಿ ಕಿರಣ್ ಮಜುಂದಾರ್ ಶಾ, ಸಿದ್ಧಾರ್ಥ ಮುಖರ್ಜಿ ಮುಂತಾದವರು ಕಟ್ಟಿದರು. ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯಿಂದ ವಿದ್ಯೆ ತಂದು, ಬೆಂಗಳೂರಿನ ನಾರಾಯಣ ಆಸ್ಪತ್ರೆಯಲ್ಲಿ ಪ್ರಯೋಗ ನಡೆಸಿ, 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಔಷಧವನ್ನು ಬಿಡುಗಡೆ ಮಾಡಿದರು.

ಇದೆಲ್ಲ ಕೇಳಿ ಕ್ಯಾನ್ಸರಿಗೆ ಮದ್ದು ಸಿಕ್ಕೇ ಬಿಟ್ಟಿತು ಅಂತ ಮನಿಗೆ ಹೋಗಬ್ಯಾಡ್ರಿ. ನೆಕ್ಸ್‌ಕಾರ್19ರ ಪ್ರಯೋಗದಲ್ಲಿ 64 ಮಂದಿ ಇದ್ದರು. ಫಲ ಅಳೆಯಲು ಸಾಧ್ಯವಾದವರಲ್ಲಿ ನೂರಕ್ಕೆ 73 ಮಂದಿಗೆ ರೋಗ ಇಳಿಯಿತು. ಇದು ದೊಡ್ಡ ಮಾತು, ಯಾಕಂದರ ಇವರೆಲ್ಲ ಬೇರೆ ದಾರಿ ಮುಗಿದವರು. ಆದರ ಇಳಿದವರೆಲ್ಲರಿಗೂ ಅದು ಕಾಯಂ ಉಳಿಯಲಿಲ್ಲ, ಚಿಕಿತ್ಸೆಯಿಂದಲೇ ಇಬ್ಬರು ತೀರಿಕೊಂಡರು. ಹೊಸ ಟಿ ಕಣ ಒಳ್ಳೆಯ ಬಿ ಕಣಗಳನ್ನೂ ಕೊಲ್ಲುತ್ತದೆ, ಗುರುತು ಒಂದೇ ಅಲ್ಲವೇ. ಹಾಗಾಗಿ ಸೋಂಕು ಬೇಗ ತಗಲುತ್ತದೆ. ಮತ್ತೆ, ಇದು ರಕ್ತದ ಕ್ಯಾನ್ಸರಿನ ಮಾತು ಮಾತ್ರ. ನಮ್ಮ ಓಣಿಗಳಲ್ಲಿ ಹೆಚ್ಚು ಕಾಣುವುದು ಬಾಯಿ, ಸ್ತನ, ಗರ್ಭಕೋಶದ ಬಾಯಿಯ ಕ್ಯಾನ್ಸರ್. ಗಡ್ಡೆ ಕಟ್ಟುವ ಅಂಥ ಕ್ಯಾನ್ಸರಿಗೆ ಕಾರ್-ಟಿ ಇನ್ನೂ ಸರಿಯಾಗಿ ನಾಟಿಲ್ಲ. ಗುಟಖಾ ತಿಂದು ಕಾರ್-ಟಿ ಮಾಡಿಸ್ತೀನಿ ಅನ್ನುವವರು ಇಲ್ಲಿ ಯಾರಾರ ಇದ್ದರ, ಅಣ್ಣಾ, ಅದು ಆಗೂದಿಲ್ಲ.

ಬೆಲೆಗೆ ತಿರುಗಿ ಬರ್ತೀನಿ. ಅಮೆರಿಕಾದ ಹತ್ತನೇ ಒಂದು ಪಾಲು ಅಂತ ಪತ್ರಿಕೆಗಳು ಹೊಗಳಿದವು. ಹತ್ತನೇ ಒಂದು ಪಾಲು ಅಂದರ 30–40 ಲಕ್ಷದ ಆಚೀಚೆ. ತಿಂಗಳಿಗೆ ಹದಿನೈದು ಸಾವಿರ ಪಗಾರ ಇದ್ದವ ಒಂದು ತುತ್ತೂ ಉಣ್ಣದ ಪೂರಾ ಪಗಾರ ಕೂಡಿಟ್ಟರ 30 ಲಕ್ಷಕ್ಕೆ ಹದಿನಾರು ವರ್ಷ ಎಂಟು ತಿಂಗಳು. ದೊಡ್ಡಪ್ಪ ಹದಿನೆಂಟು ವರ್ಷ ದುಡಿದಿದ್ದ ಅಂದೆನಲ್ಲ. ಅವನ ಇಡೀ ದುಡಿಮೆ ಒಂದು ಚೀಲ ಕಣ.

ಇದು ಯಾರ ದುಡ್ಡಿನಿಂದ ಆದ ವಿದ್ಯೆ? ಐಐಟಿ ಸರಕಾರದ್ದು. ಟಾಟಾ ಮೆಮೋರಿಯಲ್ ಹೆಸರು ಟಾಟಾ ಆದರೂ ನಡೆಸುವುದು ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆ. ಸಂಶೋಧನೆಗೆ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವು ಇತ್ತು. ಅಂದರ ನಾವು ಬೆಂಕಿಪೆಟ್ಟಿಗಿ ಕೊಂಡಾಗ ಕೊಟ್ಟ ತೆರಿಗೆಯೂ ಅದರಾಗ ಐತಿ. ಹೀಗಾಗಿ ಇದು ನಮಗೆ ಸಿಗಲಿ ಅಂತ ಕೇಳೂದು ಭಿಕ್ಷೆ ಅಲ್ಲ, ಪಾಲು. ಅದೇ ಐಐಟಿ ಕ್ಯಾಂಪಸ್ಸಿನಲ್ಲಿ, ಒಪ್ಪಿಗೆ ಸಿಕ್ಕ ಅದೇ 2023ರ ಫೆಬ್ರವರಿಯಲ್ಲಿ, ನಮ್ಮ ಸಮಾಜದ 18 ವರ್ಷದ ಹುಡುಗ ಜೀವ ಕಳಕೊಂಡ. ಜಾತಿ ತಾರತಮ್ಯ ಅಂತ ಮನೆಯವರು ಹೇಳಿದರು, ಹಾಗೇನಿಲ್ಲ ಅಂತ ಸಂಸ್ಥೆಯ ಸಮಿತಿ ಹೇಳಿತು. ಆ ವಿದ್ಯೆಯ ಬಗ್ಗೆ ನಾನು ಅಭಿಮಾನದಿಂದ ಮಾತಾಡ್ತೀನಿ, ಆದರ ಆ ಹುಡುಗನನ್ನ ಬಿಟ್ಟು ಮಾತಾಡಾಕ ಆಗಲಿಲ್ಲ.

ಪ್ರಯೋಗ ಅಂದ ಕೂಡಲೇ ನಮ್ಮ ಬಗಲಿನ ಒಂದು ಸಂಗತಿ ನೆನಪಾಗ್ತದ. ನಮ್ಮದೇ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ತ್ ಕ್ಯಾನ್ಸರ್ ಆಸ್ಪತ್ರೆ ಇದೆ. ಹಳ್ಳಿಗಳ ಕ್ಯಾನ್ಸರ್ ರೋಗಿಗಳನ್ನು ದಾಖಲು ಮಾಡುವ ದೇಶದ ಮೊದಲ ಗ್ರಾಮೀಣ ನೋಂದಣಿ ಶುರುವಾಗಿದ್ದು ಅಲ್ಲೇ, 1987ರಲ್ಲಿ. ಈ ಆಸ್ಪತ್ರೆ ಮತ್ತು ಟಾಟಾದವರು ಪಕ್ಕದ ಉಸ್ಮಾನಾಬಾದ್ ಜಿಲ್ಲೆಯ, ಈಗಿನ ಧಾರಾಶಿವದ, ಹಳ್ಳಿಗಳಲ್ಲಿ 1999ರಿಂದ 1,31,746 ಹೆಣ್ಣುಮಕ್ಕಳ ಮೇಲೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಯ ಅಧ್ಯಯನ ನಡೆಸಿದರು. ಮೂರು ಗುಂಪಿಗೆ ಮೂರು ಬಗೆಯ ತಪಾಸಣೆ. ನಾಲ್ಕನೆಯ ಗುಂಪಿನ 31,488 ಹೆಣ್ಣುಮಕ್ಕಳಿಗೆ ತಪಾಸಣೆ ಇಲ್ಲ, ಹೋಲಿಸಿ ನೋಡಲು. ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಆ ಕ್ಯಾನ್ಸರಿನಿಂದ ಸತ್ತವರು 34, ತಪಾಸಣೆ ಇಲ್ಲದ ಗುಂಪಿನಲ್ಲಿ 64. ಇಡೀ ಜಗತ್ತು ಈ ಲೆಕ್ಕ ಓದಿ ಕಲಿತಿತು. ಆ ನಾಲ್ಕನೆಯ ಗುಂಪನ್ನು ಹಾಗೆ ಬಿಟ್ಟದ್ದು ನ್ಯಾಯವೇ ಅಂತ ಮುಂದೆ ದೊಡ್ಡ ವಾದವೂ ನಡೆಯಿತು. ಆಗ ಹಳ್ಳಿಗಳಲ್ಲಿ ಹೇಗಿದ್ದರೂ ಯಾವ ತಪಾಸಣೆಯೂ ಇರಲಿಲ್ಲ ಎಂಬುದು ಒಂದು ಕಡೆಯ ಉತ್ತರ. ನನಗೆ ಆ ಉತ್ತರ ಅರ್ಥ ಆಗ್ತದ, ಆದರ ಸಮಾಧಾನ ಆಗೂದಿಲ್ಲ. ಇಪ್ಪತ್ತೈದು ವರ್ಷ ಆತು. ಇಲ್ಲಿ ಕುಂತ ಅವ್ವಂದಿರೇ, ಆ ಪರೀಕ್ಷೆ ನಿಮ್ಮೊಳಗ ಎಷ್ಟು ಮಂದಿಗೆ ಆಗೇದ? ಕೈ ಎತ್ತಬ್ಯಾಡ್ರಿ, ನಿಮ್ಮಷ್ಟಕ್ಕ ನೀವು ಎಣಿಸ್ರಿ.

1951ರಲ್ಲಿ ಅಮೆರಿಕಾದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಕಣಗಳನ್ನು ಆಕೆಯನ್ನು ಕೇಳದೆ ತೆಗೆದುಕೊಂಡರು. ಆಕೆ 31ಕ್ಕೆ ಸತ್ತಳು, ಕಣಗಳು ಇನ್ನೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವುಗಳಿಂದ ಲಾಭ ಮಾಡಿದ ಒಂದು ಕಂಪನಿ ಆಕೆಯ ಮನೆತನದ ಜೊತೆ ರಾಜಿ ಮಾಡಿಕೊಂಡದ್ದು 2023ರಲ್ಲಿ. 1972ರಲ್ಲಿ ನಮ್ಮವರು ಮುಂಬೈದಾಗ ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡಾಗ ಆ ಹೆಸರು ಅಮೆರಿಕಾದ ಕಪ್ಪು ಜನರ ಹೋರಾಟದಿಂದಲೇ ಬಂದಿತ್ತು. ಎರಡೂ ಕಡೆಯವರ ಮೈ ಓದಿನ ಪುಸ್ತಕ ಆಗೇದ.

ಹಂಗಂದರ ನಾವೇನು ಮಾಡೂದು? ಕಾರ್-ಟಿ ಕೊನೆಯ ಬಾಗಿಲು. ಅದಕ್ಕಿಂತ ಮುಂಚೆ ನಾಲ್ಕು ಬಾಗಿಲು ಅದಾವ, ನಮ್ಮವರು ಆ ಬಾಗಿಲಲ್ಲೇ ಬೀಳ್ತಾರ. ಮಕ್ಕಳ ಲ್ಯುಕೇಮಿಯಾ ಸಾದಾ ಕೀಮೋದಿಂದಲೇ ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳಿಗೆ ವಾಸಿ ಆಗ್ತದ. ನಮ್ಮಲ್ಲಿ ಎಷ್ಟೋ ಮಂದಿ ಅರ್ಧಕ್ಕೇ ಬಿಟ್ಟು ಬರ್ತಾರ, ಪಗಾರ ಕಡಿತ ಆಗ್ತದ ಅಂತ, ಮುಂಬೈದಾಗ ಮಲಗಾಕ ಜಾಗ ಇಲ್ಲ ಅಂತ. ಜಾಗ ಐತಿ. ದಾದರದಲ್ಲಿ ಗಾಡಗೇ ಮಹಾರಾಜ ಮಿಶನ್ನಿನ ಧರ್ಮಶಾಲೆ ಕ್ಯಾನ್ಸರ್ ರೋಗಿಗಳಿಗೆ, ಅವರ ಜೊತೆ ಬಂದವರಿಗೆ ಇರಲು ಕೊಡುತ್ತದೆ. ಪಂಢರಪುರದ ಚೋಖಾಮೇಳಾ ಧರ್ಮಶಾಲೆಯನ್ನು ಬಾಬಾಸಾಹೇಬರ ಪೀಪಲ್ಸ್ ಎಜುಕೇಶನ್ ಸೊಸೈಟಿಗೆ ಒಪ್ಪಿಸಿದ ಅದೇ ಗಾಡಗೇ ಬಾಬಾ. ದೊಡ್ಡಪ್ಪ ಮೊದಲ ಎರಡು ಸಲ ಫುಟ್‌ಪಾತಿನ ಮ್ಯಾಲ ಮಲಗಿದ, ಮೂರನೇ ಸಲ ಯಾರೋ ಈ ಜಾಗ ಹೇಳಿದರು.

ದುಡ್ಡಿನ ಬಾಗಿಲು ಇನ್ನೊಂದು. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ಮೊದಲು ವರ್ಷಕ್ಕೆ ಒಂದೂವರೆ ಲಕ್ಷ ಇತ್ತು, ಈಗ ಐದು ಲಕ್ಷ. ಕಾರ್-ಟಿಗೆ ಅದು ಸಾಲೂದಿಲ್ಲ, ಆದರ ಕೀಮೋಕ್ಕ, ಆಪರೇಶನ್ನಿಗೆ ಸಾಲ್ತದ. ಮತ್ತ ಇಎಸ್‌ಐ. ತಿಂಗಳಿಗೆ 21 ಸಾವಿರದ ತನಕ ಪಗಾರ ಇದ್ದವರಿಗೆ ಅದು ಹಕ್ಕು. ನಿಮ್ಮ ಪಗಾರದಾಗ ನೂರಕ್ಕೆ 75 ಪೈಸೆ ಕಡೀತಾರ, ಮಾಲಕರು ನೂರಕ್ಕೆ ಮೂರೂಕಾಲು ರೂಪಾಯಿ ತುಂಬಬೇಕು. ಹದಿನೈದು ಸಾವಿರಕ್ಕೆ ನಿಮ್ಮದು 113, ಮಾಲಕರದು 488. ಈ ಕಾಯ್ದೆ ಬಂದದ್ದು 1948ರಲ್ಲಿ, ಆದರ ಕಾರ್ಮಿಕರ ಆರೋಗ್ಯ ವಿಮೆಯ ಅಡಾರಕರ ವರದಿ ಬಂದದ್ದು 1944ರಲ್ಲಿ. ಆಗ ವೈಸರಾಯ್ ಮಂಡಳದಲ್ಲಿ ಕಾರ್ಮಿಕ ಖಾತೆ ಇದ್ದದ್ದು ಡಾ. ಬಾಬಾಸಾಹೇಬ ಅಂಬೇಡ್ಕರರ ಕೈಯಲ್ಲಿ. ನಾವು ಏಪ್ರಿಲ್ 14ಕ್ಕೆ ಡಿಜೆ ಹಚ್ಚಾಕ ವರ್ಗಣಿ ಎತ್ತತೀವಿ, ಆದರ ಬಾಬಾಸಾಹೇಬರ ಖಾತೆಯಿಂದ ಬಂದ ಆ ಇಎಸ್‌ಐ ನಂಬರ್ ನಮ್ಮ ಚೀಟಿಯಾಗ ಐತಿಲ್ಲೋ ನೋಡಿಲ್ಲ. ಡಿಜೆ ಬ್ಯಾಡ ಅನ್ನಾಕತ್ತಿಲ್ಲ, ಅಣ್ಣಾ, ಹಂಗ ನೋಡಬ್ಯಾಡ್ರಿ. ಠೇಕೇದಾರನ ಕೈಯಾಗ ದುಡಿಯುವವರೂ ಕೇಳಬಹುದು. ಠೇಕೇದಾರ ತುಂಬದಿದ್ದರ ಕಂಪನಿಯೇ ತುಂಬಬೇಕು ಅಂತ ಕಾಯ್ದೆ ಐತಿ. ದೊಡ್ಡಪ್ಪನ ಹೆಸರು ಹದಿನೆಂಟು ವರ್ಷದಾಗ ಕಡೀ ನಾಲ್ಕು ವರ್ಷ ಮಾತ್ರ ಇಎಸ್‌ಐದಾಗ ಇತ್ತು. ಅದೂ ಅವ ಬ್ಯಾನಿ ಬಿದ್ದ ಮ್ಯಾಲ ನಾವು ಕಾಗದ ಹುಡುಕಿದಾಗ ಗೊತ್ತಾದದ್ದು.

ಇನ್ನೂ ಒಂದು ಮಾತು ಹೇಳಿ ಮೈಕ್ ಬಿಡ್ತೀನಿ, ಮುಂದ ಹುಡುಗರ ನಾಟಕ ಐತಿ. ಕುತ್ತಿಗಿ, ಬಗಲು, ತೊಡಿಸಂದಿ, ಎಲ್ಲೇ ಗಂಟು ಬಂದು ಮೂರು ವಾರ ಆದರೂ ಇಳೀಲಿಲ್ಲ ಅಂದರ, ‘ತುಣುಕು ತೆಗೆದು ನೋಡ್ರಿ ಡಾಕ್ಟರೇ’ ಅಂತ ಬಾಯಿಬಿಟ್ಟು ಕೇಳ್ರಿ. ಸಿಟ್ಟಾದರ ಆಗಲಿ. ನಾವು ಏಳು ತಿಂಗಳು ಕೇಳಲಿಲ್ಲ.

ಬರುವ ಭಾನುವಾರ ಬೆಳಗ್ಗೆ ಹತ್ತಕ್ಕ ಸಮಾಜ ಮಂದಿರದಾಗ ನಾವು ನಾಲ್ಕು ಮಂದಿ ಕುಂಡ್ರತೀವಿ. ರೇಶನ್ ಕಾರ್ಡ್, ಆಧಾರ್, ಪಗಾರ ಚೀಟಿ ಮೂರೂ ತಗೊಂಡು ಬರ್ರಿ. ಫುಲೆ ಯೋಜನೆಯೊಳಗ ನಿಮ್ಮ ಹೆಸರು ಐತೋ ಇಲ್ಲೋ, ಇಎಸ್‌ಐ ನಂಬರ್ ಚಾಲೂ ಐತೋ ಇಲ್ಲೋ, ಮೊಬೈಲಿನಾಗೇ ನೋಡಿ ಹೇಳ್ತೀವಿ. ದೊಡ್ಡವ್ವ ಚಹಾ ಮಾಡಿಕೊಡ್ತೀನಿ ಅಂದಾಳ.

ಜೈ ಭೀಮ್.